ಓರಗಿತ್ತಿಗೆ ಕೊಟ್ಟ ಕಾರ್ಡು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಂಡ್ಯ ಕಡೆಯ ಹೆಣ್ಣುಮಗಳು, ವಯಸ್ಸು ನಲವತ್ತು ದಾಟಿದೆ. ಗಂಡನಿಗೆ ಮೈಸೂರಿನ ಕಾರ್ಖಾನೆಯಲ್ಲಿ ಕೆಲಸ. ನಿದ್ದೆ ಬರಲ್ಲ, ಮನೆಯವರ ಮೇಲೆ ಸುಮ್ನೆ ರೇಗುತ್ತೇನೆ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದವರು. ನಿಜವಾದ ವಿಷಯ ಹೊರಬೀಳಲು ಸಮಯ ಹಿಡಿಯಿತು.

ಕಳೆದ ವರ್ಷ ಓರಗಿತ್ತಿಗೆ ಗರ್ಭಕೋಶ ತೆಗೆಸಬೇಕಾಯಿತು. ಅತ್ತೆಗೆ ಖಾಸಗಿ ಆಸ್ಪತ್ರೆಯೇ ಆಗಬೇಕಿತ್ತು. "ನಿನ್ನ ಗಂಡನ ಕಂಪನಿ ಇನ್ಶೂರೆನ್ಸ್ ಸುಮ್ನೆ ಬಿದ್ದಿದೆಯಲ್ಲವ್ವ" ಅಂದರಂತೆ. ಕಾರ್ಡು, ಆಧಾರ್, ಹೆಸರು ಎಲ್ಲ ಇವರದು. ಮಂಚದ ಮೇಲೆ ಮಲಗಿದ್ದು ಓರಗಿತ್ತಿ. ಫೋಟೋ ನೋಡಿದವರು ಮುಖ ನೋಡಲಿಲ್ಲವೇ ಎಂದು ನನಗೂ ಅನ್ನಿಸಿತು. ಏನೇ ಇರಲಿ, ಕ್ಲೇಮ್ ಪಾಸಾಯಿತು.

ಈಗ ಇವರಿಗೇ ಮೂರು ತಿಂಗಳಿಂದ ಮುಟ್ಟು ನಿಲ್ಲುತ್ತಿಲ್ಲ. ಯಾರಿಗೂ ಹೇಳಿಲ್ಲ. "ದಾಖಲೆಯಲ್ಲಿ ನನಗೆ ಗರ್ಭಕೋಶವೇ ಇಲ್ಲ ಮೇಡಂ. ಯಾವ ಡಾಕ್ಟರಿಗೆ ಏನಂತ ತೋರಿಸಲಿ?"

ಮೋಸದ ಮಾತು ಆಮೇಲೆ, ಮೊದಲು ತಪಾಸಣೆ ಅಂದೆ. ಈ ವಯಸ್ಸಿನಲ್ಲಿ ಇಷ್ಟು ರಕ್ತ ಹೋದರೆ ಕಾಯಬಾರದು. ಮೈಸೂರಿನ ಸರ್ಕಾರಿ ಚೆಲುವಾಂಬ ಆಸ್ಪತ್ರೆಗೆ ಹೋಗಿ, ಇನ್ಶೂರೆನ್ಸ್ ಕಾರ್ಡು ತೆಗೆಯಬೇಡಿ, ವೈದ್ಯರಿಗೆ ಮಾತ್ರ ಏನನ್ನೂ ಮುಚ್ಚಿಡಬೇಡಿ ಎಂದೆ. ಬೇರೆಯವರ ರಕ್ತದ ಗುಂಪು, ಬೇರೆಯವರ ಕಾಯಿಲೆ ನಿಮ್ಮ ಹೆಸರಲ್ಲಿ ಕೂತಿದ್ದರೆ ಜೀವಕ್ಕೇ ಅಪಾಯ ಅಲ್ವಾ?

ಮುಂದಿನ ಸಲ ಗಂಡನೂ ಬಂದರು. "ಐದು ವರ್ಷ ಕಳೆದರೆ ಇನ್ಶೂರೆನ್ಸ್ ಕಂಪನಿಯವರು ಏನೂ ಕೇಳುವ ಹಾಗಿಲ್ಲವಂತೆ" ಎಂಬ ಧೈರ್ಯ ಅವರದು. ಇದು ಅರ್ಧ ಕೇಳಿದ ಮಾತು. 2024ರಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ, ಪಾಲಿಸಿ ಸತತವಾಗಿ ನಡೆದಿರಬೇಕಾದ ಎಂಟು ವರ್ಷದ ಅವಧಿಯನ್ನು ಐದಕ್ಕೆ ಇಳಿಸಿದ್ದು ನಿಜ. ಅದರ ನಂತರ ಕಾಯಿಲೆ ಹೇಳಲಿಲ್ಲ ಎಂಬ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ. ಆದರೆ ಮೋಸ ಸಾಬೀತಾದರೆ ಆ ರಕ್ಷಣೆ ಇಲ್ಲ. ಇನ್ನೊಬ್ಬರ ಹೆಸರಲ್ಲಿ ವಂಚಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಂನಲ್ಲಿ ಐದು ವರ್ಷದವರೆಗೆ ಜೈಲಿದೆ. ಕೆಲಸಕ್ಕೂ ಕುತ್ತು ಬರಬಹುದು.

ಹಾಗಂತ ನಾಳೆಯೇ ಎಚ್‌ಆರ್ ಮುಂದೆ ನಿಂತು ಎಲ್ಲ ಒಪ್ಪಿಕೊಳ್ಳಿ ಎನ್ನಲಿಲ್ಲ. ಮೊದಲು ವಕೀಲರನ್ನು ಕಾಣಿ, ಹಣ ವಾಪಸ್ ಕೊಟ್ಟು ದಾಖಲೆ ಸರಿಪಡಿಸುವ ದಾರಿಯನ್ನು ಅವರಿಂದಲೇ ತಿಳಿದುಕೊಳ್ಳಿ ಎಂದೆ. ಅಲ್ಲಿಯವರೆಗೆ ಇನ್ನೊಂದು ಸುಳ್ಳು ಕಾಗದ ಬೇಡ.

ನನಗೆ ಹೆಚ್ಚು ಬೇಸರವಾಗಿದ್ದು ಬೇರೆ ಕಾರಣಕ್ಕೆ. ಮೈದುನನ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿದವರೇ ಇಲ್ಲ. ಅತ್ತೆಗೆ ಎದುರಾಡಲು ಈ ಹೆಣ್ಣುಮಗಳಿಗೂ ಆಗಲಿಲ್ಲ. "ಬೇಡ ಅತ್ತೆ, ಇದು ನನ್ನ ಹೆಸರು" ಎನ್ನುವುದನ್ನು ನಾವಿಬ್ಬರೂ ಕೂತು ಜೋರಾಗಿ ಹೇಳಿ ಅಭ್ಯಾಸ ಮಾಡಿದೆವು. ಮೊದಮೊದಲು ನಕ್ಕುಬಿಡುತ್ತಿದ್ದರು.

ತಪಾಸಣೆಯಲ್ಲಿ ಸಣ್ಣ ಗಡ್ಡೆ ಕಂಡಿದೆ, ಸದ್ಯಕ್ಕೆ ಮಾತ್ರೆಯೇ ಸಾಕಂತೆ. ವಕೀಲರು ಕಂಪನಿಗೆ ಪತ್ರ ಬರೆಯುತ್ತಿದ್ದಾರೆ. ಅತ್ತೆ ಮಾತು ಬಿಟ್ಟಿದ್ದಾರೆ. ವಾಪಸ್ ಕಟ್ಟಬೇಕಾದ ಹಣದಲ್ಲಿ ಅರ್ಧ ಕೊಡಲು ಮೈದುನ ಒಪ್ಪಿದ್ದಾನೆ, ಕಬ್ಬಿನ ದುಡ್ಡು ಬಂದ ಮೇಲೆ.