ಎಲ್ಲಾ ಗೊತ್ತಿದೆ, ಆದರೂ ಸೇದುತ್ತಾನೆ

ಪ್ರಶ್ನೆ: ಮಗ ಸೆಕೆಂಡ್ ಪಿಯುಸಿ. ಬಟ್ಟೆ ನೆನೆಸುವಾಗ ಪ್ಯಾಂಟಿನ ಜೇಬಲ್ಲಿ ಲೈಟರು, ಎರಡು ಪೆಪ್ಪರ್‌ಮೆಂಟು ಸಿಕ್ಕಿದವು. ಮೊದಲು ‘ಫ್ರೆಂಡ್‌ದು’ ಅಂದ, ಆಮೇಲೆ ಒಪ್ಪಿಕೊಂಡ. ದಿನಕ್ಕೆ ಎರಡೋ ಮೂರೋ ಸಿಗರೇಟು ಸೇದುತ್ತಾನಂತೆ. ಹೈಸ್ಕೂಲಲ್ಲಿ ತಂಬಾಕಿನ ವಿರುದ್ಧ ಭಾಷಣ ಮಾಡಿ ಬಹುಮಾನ ತಂದಿದ್ದ! ಇನ್ನು ಹೇಗೆ ತಿಳಿಹೇಳುವುದು? (ನಮ್ಮ ಮನೆಯವರೂ ಸೇದುತ್ತಾರೆ, ಆದರೆ ಮನೆಯೊಳಗಲ್ಲ.)
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಕ್ಯಾನ್ಸರ್ ಬಗ್ಗೆ ತಿಳಿಹೇಳುವುದು ಏನೂ ಉಳಿದಿಲ್ಲ. ಪ್ಯಾಕಿನ ಮುಕ್ಕಾಲಕ್ಕಿಂತ ಜಾಸ್ತಿ ಜಾಗದಲ್ಲಿ, ಅಂದರೆ ಶೇ 85ರಷ್ಟು, ಆ ಭಯಂಕರ ಚಿತ್ರ, ಎಚ್ಚರಿಕೆಯ ಮಾತುಗಳೇ ಇರುತ್ತವೆ. ಅದನ್ನು ನೋಡಿಕೊಂಡೇ ಹಚ್ಚುತ್ತಾರೆ. ಹದಿನೇಳರ ಹುಡುಗನ ಲೆಕ್ಕದಲ್ಲಿ ಅದು ಐವತ್ತು ದಾಟಿದವರ ಕಾಯಿಲೆ, ಅಷ್ಟರೊಳಗೆ ತಾನು ಬಿಟ್ಟಿರುತ್ತೇನೆ ಅಂತ ಧೈರ್ಯ.

ಅವನಿಗೆ ಗೊತ್ತಿಲ್ಲದಿರುವುದು ಇದೇ, ಬಿಡುವುದು ಎಷ್ಟು ಕಷ್ಟ ಅನ್ನುವುದು. ದಮ್ ಎಳೆದ ಕೆಲವೇ ಸೆಕೆಂಡಿನಲ್ಲಿ ನಿಕೋಟಿನ್, ಅಂದರೆ ತಂಬಾಕಿನಲ್ಲಿರುವ ಚಟ ಹತ್ತಿಸುವ ಅಂಶ, ಮಿದುಳಿಗೆ ಮುಟ್ಟುತ್ತದೆ. ಮಿದುಳು ಇಪ್ಪತ್ತೈದರ ಸುಮಾರಿನವರೆಗೂ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಈ ವಯಸ್ಸಿನಲ್ಲಿ ಚಟ ಬೇಗ ಅಂಟುತ್ತದೆ. ‘ಸೇದಿದರೆ ಟೆನ್ಶನ್ ಕಮ್ಮಿಯಾಗುತ್ತೆ’ ಅನ್ನುತ್ತಾನಲ್ವಾ? ಆ ಟೆನ್ಶನ್‌ನಲ್ಲಿ ಒಂದಷ್ಟು ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದಿದ್ದರಿಂದ ಬಂದದ್ದೇ.

ಬೈಯಬೇಡಿ, ಜೇಬು ತಡಕಬೇಡಿ. ‘ಬೇಕಾದಾಗ ಬಿಡ್ತೀನಿ ಅಂತೀಯಲ್ಲ, ಒಂದು ವಾರ ಬಿಟ್ಟು ನೋಡು, ಸೋತರೆ ನಾನು ಬೈಯಲ್ಲ’ ಅನ್ನಿ. ಮೊದಲ ಎರಡು ಮೂರು ದಿನ ಸಿಡುಕು, ತಲೆನೋವು, ಓದಲು ಕೂತರೆ ಮನಸ್ಸು ನಿಲ್ಲದಿರುವುದು, ಇವೆಲ್ಲ ಬಂದರೆ ಅವನಿಗೇ ಗೊತ್ತಾಗುತ್ತದೆ ಯಾರ ಕೈಯಲ್ಲಿ ಯಾರಿದ್ದಾರೆ ಅಂತ. ಆಗ ಪ್ಯಾಕಿನ ಮೇಲೇ ಇರುವ ಉಚಿತ ಸಹಾಯವಾಣಿಗೆ, 1800-11-2356, ಅವನೇ ಫೋನ್ ಮಾಡಲಿ.

ಇನ್ನು ಆವರಣದೊಳಗೆ ಮೆಲ್ಲಗೆ ಬರೆದಿದ್ದೀರಲ್ಲ, ನನ್ನ ಪ್ರಕಾರ ಪತ್ರದ ಮುಖ್ಯ ಸಾಲು ಅದೇ. ಗೇಟಿನ ಹೊರಗೆ ನಿಂತು ಸೇದಿದರೂ ಮಗನಿಗೆ ಕಾಣುತ್ತದೆ. ಬಿಡುವ ಪಂದ್ಯಕ್ಕೆ ಯಜಮಾನರನ್ನೂ ಸೇರಿಸಿ. ಇಬ್ಬರೂ ಸಿಡುಕಿದರೆ ವಾರ ಸ್ವಲ್ಪ ಕಷ್ಟ, ತಡೆದುಕೊಳ್ಳಿ.

ಪ್ರಶ್ನೆ: ವಯಸ್ಸು 19. ಟೀ ಜೊತೆ ದಿನಕ್ಕೆ ಒಂದೇ ಒಂದು. ಅದಕ್ಕೂ ಇಷ್ಟೊಂದು ಗಲಾಟೆ ಯಾಕೆ? ವೇಪ್ (ಇ-ಸಿಗರೇಟು) ಆದರೆ ಓಕೆನಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಇಪ್ಪತ್ತು ಸೇದುವವನಿಗೆ ಇರುವ ಅಪಾಯದಲ್ಲಿ ಇಪ್ಪತ್ತನೇ ಒಂದು ಪಾಲು ನಿನಗೆ ಅಂತ ನಿನ್ನ ಲೆಕ್ಕ. ಹೃದಯ ಆ ಲೆಕ್ಕ ಒಪ್ಪುವುದಿಲ್ಲ ತಮ್ಮಾ. ಎಷ್ಟೋ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ವರದಿಯೊಂದು 2018ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು: ದಿನಕ್ಕೆ ಇಪ್ಪತ್ತು ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಹೆಚ್ಚುತ್ತದೋ, ಒಂದೇ ಸೇದುವವರಿಗೂ ಅದರ ಅರ್ಧದ ಹತ್ತಿರ ಹೆಚ್ಚುತ್ತದೆ. ಅದೂ ಅಲ್ಲದೆ ಇಂಟರ್ನಲ್ಸ್ ವಾರದಲ್ಲೂ ಒಂದೇನಾ? ನಿಜ ಹೇಳು.

ವೇಪ್ ಮಾರುವುದು 2019ರಿಂದ ದೇಶದಲ್ಲೇ ನಿಷೇಧ. ಹಾಗಾಗಿ ಕೈಗೆ ಸಿಗುವುದೆಲ್ಲ ಕಳ್ಳ ಮಾಲು, ಒಳಗೆ ಎಷ್ಟು ನಿಕೋಟಿನ್ ಇದೆಯೋ ಮಾರಿದವನಿಗೂ ಗೊತ್ತಿರುವುದಿಲ್ಲ. ಮಾವಿನ ವಾಸನೆ ಬಂದ ಮಾತ್ರಕ್ಕೆ ಚಟ ಬದಲಾಗುವುದಿಲ್ಲ. ಟೀ ಕುಡಿ, ಆದರೆ ಸ್ವಲ್ಪ ದಿನ ಬೇರೆ ಅಂಗಡಿಯಲ್ಲಿ, ಸೇದದ ಗೆಳೆಯರ ಜೊತೆ. ಆಸೆ ಬಂದಾಗ ಐದು ಹತ್ತು ನಿಮಿಷ ತಳ್ಳಿದರೆ ಸಾಮಾನ್ಯವಾಗಿ ಅದು ಇಳಿಯುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನ ಗೇಟಿನೆದುರೇ ಗೂಡಂಗಡಿಯಲ್ಲಿ ಬಿಡಿ ಸಿಗರೇಟು ಮಾರುತ್ತಾರೆ. ಕೇಳುವವರೇ ಇಲ್ಲವಾ?
– ಉಪನ್ಯಾಸಕಿ, ಹಾಸನ

ಉತ್ತರ: ಕೇಳಲು ಕಾನೂನೇನೋ ಇದೆ. ತಂಬಾಕು ನಿಯಂತ್ರಣ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಿದೆ. 21 ತುಂಬದವರಿಗೆ ಮಾರುವ ಹಾಗಿಲ್ಲ, ಶಾಲಾ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವ ಹಾಗಿಲ್ಲ, ಬಿಡಿಯಾಗಿ ಮಾರುವುದಂತೂ ಇಲ್ಲವೇ ಇಲ್ಲ. ಹುಡುಗರು ಶುರು ಮಾಡುವುದೇ ಬಿಡಿಯಿಂದ, ಪೂರ್ತಿ ಪ್ಯಾಕಿಗೆ ಅವರ ಹತ್ತಿರ ದುಡ್ಡೆಲ್ಲಿ! ‘ಕಾಲೇಜು ಹುಡುಗ ಅಲ್ವಾ, ದೊಡ್ಡವನೇ’ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ, ಡಿಗ್ರಿ ಎರಡನೇ ವರ್ಷದವನಿಗೂ ಸಾಮಾನ್ಯವಾಗಿ 21 ಆಗಿರುವುದಿಲ್ಲ. ಪ್ರಾಂಶುಪಾಲರ ಸಹಿ ಹಾಕಿಸಿ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೂ ಪೊಲೀಸ್ ಠಾಣೆಗೂ ಒಂದೊಂದು ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.