ಹುಲ್ಲಿನಂಥ ಎಲೆ, ಹಳದಿ ಹೂ

ಫ್ಲಾರಿಡಾದ ಪೈನ್ ಕಾಡಿನ ಮರಳಿನಲ್ಲಿ ಅಕ್ಟೋಬರ್‌ನಲ್ಲಿ ಕಂಡ, ಬೆಳ್ಳಿ ಬಣ್ಣದ ಹುಲ್ಲಿನಂಥ ಎಲೆಗಳಿರುವ ಹಳದಿ ಹೂ ಯಾವುದೆಂದು ಕೇಳಿದ್ದೀರಿ. ನಿಮ್ಮ ವರ್ಣನೆಗೆ ಒಪ್ಪುವುದು ಸಿಲ್ಕ್‌ಗ್ರಾಸ್, ಪಿಟಿಯೋಪ್ಸಿಸ್ ಕುಲದ್ದು. ಇದು ಹುಲ್ಲಲ್ಲ, ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಅಲ್ಲಿನದೇ ಸಸ್ಯ.

ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ಉದ್ದಕ್ಕೂ ಒತ್ತಿಕೊಂಡ ರೇಷ್ಮೆಯಂಥ ರೋಮ, ಸಮಾನಾಂತರ ನರಗಳು. ಅದೇ ಕಾಡಿನ ಕ್ರಿಸಾಪ್ಸಿಸ್ ಎಂಬ ಇನ್ನೊಂದು ಸಸ್ಯದ ಹೂ ಬಹುತೇಕ ಹೀಗೆಯೇ ಕಂಡರೂ ಅದರ ಎಲೆ ಹುಲ್ಲಿನಂತಿರುವುದಿಲ್ಲ. ಹಾಗಾಗಿ ಹೂವಿನ ಚಿತ್ರವೊಂದೇ ಸಾಲದು, ಬುಡದ ಎಲೆಗಳ ಚಿತ್ರವನ್ನೂ ಹಾಕಿ.

ಲಾಂಗ್‌ಲೀಫ್ (ಉದ್ದ ಎಲೆಯ) ಪೈನ್ ಕಾಡಿಗೆ ಬೆಂಕಿ ಬಿದ್ದ ಮೇಲೆ ಇದು ನೆಲದಡಿಯ ಕಾಂಡದಿಂದ ಮತ್ತೆ ಚಿಗುರಿ ಹುರುಪಿನಿಂದ ಹೂ ಬಿಡುತ್ತದೆ. ಕಪ್ಪಾದ ನೆಲದ ಮೇಲಿನ ಆ ಹಳದಿಯನ್ನು ನೋಡಲೇಬೇಕು! ದಯವಿಟ್ಟು ಗಿಡವನ್ನು ಮಾತ್ರ ಕಿತ್ತು ತರಬೇಡಿ.