ಬಾಡಿಗೆಗೆ ಬಿಟ್ಟ ಆಶ್ರಯ ಮನೆ ಸರ್ಕಾರ ವಾಪಸ್ ಪಡೆದರೆ ನಮ್ಮ ಸರದಿ ಬೇಗ ಬರುತ್ತಾ?

ಬರಲ್ಲ. ಮನೆ ಕೊಡುವ ಪಟ್ಟಿಯಲ್ಲಿ ಹೆಸರೇ ಉಳಿಯದಿದ್ದರೆ ಸರದಿ ಎಲ್ಲಿಂದ ಬರುತ್ತೆ? ನಮಗೆ ಆದದ್ದು ಅದೇ.

ನಾವಿದ್ದದ್ದು ಮಂಗಳೂರಿನ ಬೋಳಾರದಲ್ಲಿ, ಬಾಡಿಗೆ ಮನೆ. ಗಂಡನಿಗೆ ದಕ್ಕೆಯಲ್ಲಿ, ಅಂದರೆ ಮೀನು ಬಂದರಿನಲ್ಲಿ ಕೆಲಸ. ಪ್ರಧಾನಮಂತ್ರಿ ಆವಾಸ್ ಮನೆಗೆ ಅರ್ಜಿ ಹಾಕಿದೆವು. ಆಧಾರ್, ಆರ್‌ಡಿ ನಂಬರ್ ಇರುವ ಜಾತಿ-ಆದಾಯ ಪತ್ರ, ಬಾಡಿಗೆ ಕರಾರು ಎಲ್ಲ ಸರಿ ಇತ್ತು. ರೇಷನ್ ಕಾರ್ಡ್ ಮಾತ್ರ ಬಂಟ್ವಾಳದ ಅತ್ತೆ ಮನೆಯದು. ಮದುವೆಯಾದಾಗ ನನ್ನ ಹೆಸರು ಅದಕ್ಕೇ ಸೇರಿಸಿದ್ದರು. ಬೇರೆ ಕಾರ್ಡ್ ಮಾಡಿಸಿದರೆ ಅತ್ತೆಗೆ ಅಕ್ಕಿ ಕಡಿಮೆಯಾಗುತ್ತೆ, ಮನೆ ಒಡೆದ ಹಾಗೆ ಕಾಣುತ್ತೆ ಅಂತ ಸುಮ್ನೆ ಇದ್ದೆ. ಅದೇ ತಪ್ಪಾಯಿತು. ನಿಯಮದಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಅಷ್ಟೇ. ಆ ಲೆಕ್ಕದಲ್ಲಿ ಅತ್ತೆಯ ಮನೆಗೂ ನಮಗೂ ಸಂಬಂಧ ಇಲ್ಲ. ಆದರೆ ಪರಿಶೀಲನೆಗೆ ಕೂತವರು ನೋಡಿದ್ದು ಕಾರ್ಡನ್ನು: ಯಜಮಾನಿ ಅತ್ತೆ, ವಿಳಾಸ ಬಂಟ್ವಾಳ, ಆ ವಿಳಾಸದಲ್ಲಿ ಪಕ್ಕಾ ಮನೆ. ಷರಾ ಕಾಲಂನಲ್ಲಿ ಕೆಂಪು ಶಾಯಿಯಲ್ಲಿ ‘ಸ್ವಂತ ಮನೆ ಇದೆ’ ಅಂತ ಬರೆದು ಅನರ್ಹ ಮಾಡಿದರು. ಆಮೇಲೆ ಕಾರ್ಡ್ ಬೇರೆ ಮಾಡಿಸಲು ಓಡಿದರೆ ಹೊಸ ಅರ್ಜಿ ತೆಗೆದುಕೊಳ್ಳುತ್ತಿರಲಿಲ್ಲ. ಅದು ಶುರುವಾಗುವಷ್ಟರಲ್ಲಿ ಪಟ್ಟಿ ಅಂತಿಮವಾಗಿತ್ತು. ಮೊದಲು ನಿಮ್ಮ ಕಾರ್ಡ್ ತೆಗೆದು ಯಾರ ಹೆಸರಲ್ಲಿದೆ, ಯಾವ ವಿಳಾಸ ಇದೆ ನೋಡಿ.

ಇನ್ನು ಬಾಡಿಗೆಗೆ ಬಿಟ್ಟವರ ಮನೆ ಕಿತ್ತುಕೊಳ್ಳಬೇಕು ಅನ್ನುವ ಮಾತು. ನಾನು ಒಪ್ಪಲ್ಲ. ಎರಡು ಮೂರು ಮನೆ ಇಟ್ಟುಕೊಂಡವರಿದ್ದರೆ ಕಿತ್ತುಕೊಳ್ಳಲಿ. ಆದರೆ ನಸುಕಿನಲ್ಲೇ ದಕ್ಕೆಯಲ್ಲಿ ಮೀನು ಇಳಿಸುವವರಿಗೆ ಊರ ಹೊರಗಿನ ವಾಮಂಜೂರಿನ ಆಚೆ ಮನೆ ಕೊಟ್ಟರೆ ಆ ಹೊತ್ತಿಗೆ ಬಸ್ಸೆಲ್ಲಿದೆ? ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ನಿಷೇಧ, ಬಲೆ ಎಳೆಯುವ ಟ್ರಾಲ್ ಬೋಟ್ ಕಡಲಿಗಿಳಿಯುವ ಹಾಗಿಲ್ಲ, ಕೂಲಿಯೂ ಇಲ್ಲ, ಆದರೆ ಮನೆಗೆ ಮಾಡಿದ ಸಾಲದ ಕಂತು ನಿಲ್ಲುತ್ತಾ? ಅಂಥವರು ಆ ಮನೆ ಬಾಡಿಗೆಗೆ ಬಿಟ್ಟು ಕಂತು ಕಟ್ಟುತ್ತಾರೆ, ತಾವು ಬಂದರಿನ ಹತ್ತಿರ ಒಂದು ಕೋಣೆಯಲ್ಲಿ ಇರುತ್ತಾರೆ. ಅವರನ್ನು ಹೊರಗೆ ಹಾಕಿದರೆ ಅದೇ ದೂರದ ಮನೆ ನಿಮ್ಮ ಕೈಗೆ ಬರುತ್ತೆ, ಅಷ್ಟೇ ಅಲ್ವಾ?

2024ರಲ್ಲಿ ಶುರುವಾದ ಆವಾಸ್ 2.0ರಲ್ಲಿ ಬಾಡಿಗೆ ಮನೆ ಕಟ್ಟುವ ಭಾಗವೂ ಇದೆ. ಕೇಳುವುದಾದರೆ ಅದನ್ನು ಕೇಳಿ, ಕೆಲಸದ ಜಾಗದ ಹತ್ತಿರ ಕೇಳಿ. ಅನರ್ಹರ ಪಟ್ಟಿಯನ್ನು ಕಾರಣ ಸಮೇತ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿ ತಿದ್ದಲು ಸಮಯ ಕೊಡಬೇಕು ಅಂತಲೂ ಬರೆಯಿರಿ. ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಗೆ ಮನವಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.